ಮರಳಿಗೊಂದು ಗಾಳ, ಬಂಡೆಗೊಂದು ಗಾಳ

ಕಾಪುವಿನ ದೀಪಸ್ತಂಭದ ಬುಡದಲ್ಲಿರುವ ಬಂಡೆಗಳ ಮೇಲೆ ರಜಾದಿನದ ಸಂಜೆ ಎರಡು ಬಗೆಯ ಗಾಳಗಾರರು ಕಾಣಸಿಗುತ್ತಾರೆ. ಒಬ್ಬರ ಕೈಯಲ್ಲಿ ಹತ್ತಡಿಯ ಮಿರಮಿರ ಮಿಂಚುವ ಕೋಲು, ಅದಕ್ಕೊಪ್ಪುವ ರೀಲು, ಹೆಗಲಿಗೆ ಹತ್ತಾರು ಜೇಬುಗಳ ಚೀಲ. ಇನ್ನೊಬ್ಬರ ಕೈಯಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿ, ಅದಕ್ಕೆ ಸುತ್ತಿದ ನೈಲಾನ್ ದಾರ, ದಾರದ ತುದಿಗೆ ಸೀಸದ ಗುಂಡು ಮತ್ತು ಗಾಳ. ಕತ್ತಲಾಗುವ ಹೊತ್ತಿಗೆ ಬಾಟಲಿಯವರ ಚೀಲದಲ್ಲಿ ನಾಲ್ಕಾರು ಮೀನು ಇರುವುದೂ, ಕೋಲಿನವರು ಬರಿಗೈಯಲ್ಲಿ ಮನೆಗೆ ಹೋಗುವುದೂ ಅಪರೂಪವಲ್ಲ.

ಅಂಥದೊಂದು ಸಂಜೆ ಹೊಸ ಕೋಲಿನ ತರುಣನೊಬ್ಬ ನೀರಿಗೆ ಇನ್ನಷ್ಟು ಹತ್ತಿರವಾಗಲೆಂದು ಕೆಳಗಿನ ಬಂಡೆಗೆ ಇಳಿಯತೊಡಗಿದ. ಬಾಟಲಿ ಹಿಡಿದಿದ್ದ ಅಜ್ಜ ದಾರದಿಂದ ಕಣ್ಣು ತೆಗೆಯದೆ ಹೇಳಿದರು:

“ಮಗಾ, ಆ ಕಲ್ಲು ಒದ್ದೆ ಉಂಟು.”

“ನೀರು ಅಷ್ಟು ಕೆಳಗೆ ಉಂಟಲ್ಲ ಅಜ್ಜ?”

“ಈಗ ಕೆಳಗೆ ಉಂಟು. ಹಾಗಾದರೆ ಕಲ್ಲು ಒದ್ದೆ ಮಾಡಿದ್ದು ಯಾರು?”

ತರುಣ ಅಲ್ಲೇ ನಿಂತ. ಹತ್ತು ನಿಮಿಷವೂ ಆಗಿರಲಿಲ್ಲ, ಎಲ್ಲಿಂದಲೋ ಬಂದ ಮೂರು ದೊಡ್ಡ ಅಲೆಗಳು ಒಂದರ ಹಿಂದೊಂದು ಆ ಬಂಡೆಯನ್ನು ಪೂರ್ತಿ ತೊಳೆದು ಹೋದವು. ಆಮೇಲೆ ಕಡಲು ಮತ್ತೆ ಏನೂ ಆಗದ ಹಾಗೆ ತಣ್ಣಗಾಯಿತು.

ಗಾಳದ ಮೀನುಗಾರಿಕೆಯ ಮೊದಲ ಪಾಠ ಇಲ್ಲಿದೆ. ಸರಂಜಾಮು ಅಂಗಡಿಯಲ್ಲಿ ಸಿಗುತ್ತದೆ, ಕಡಲನ್ನು ನೋಡುವ ಕಣ್ಣು ಅಲ್ಲಿ ಸಿಗುವುದಿಲ್ಲ. ಹಾಗೆಂದು ಸರಂಜಾಮು ಮುಖ್ಯವಲ್ಲವೆಂದೂ ಅಲ್ಲ. ಸರಿಯಾದ ಜಾಗಕ್ಕೆ ಸರಿಯಾದ ಸರಂಜಾಮು ಹಿಡಿದು ಹೋದವನಿಗೆ ಮೀನೂ ಸಿಗುತ್ತದೆ, ಕೈಕಾಲೂ ನೆಟ್ಟಗಿರುತ್ತವೆ.

ಮೊದಲು ಜಾಗ, ಆಮೇಲೆ ಕೋಲು

ಸೋಮೇಶ್ವರದಿಂದ ಕಾರವಾರದವರೆಗೆ ಕರ್ನಾಟಕದ ಕರಾವಳಿ ಸುಮಾರು 300 ಕಿಲೋಮೀಟರ್. ಇದರಲ್ಲಿ ಮರವಂತೆ, ಮಲ್ಪೆ, ಪಣಂಬೂರಿನಂತಹ ಉದ್ದನೆಯ ಮರಳತೀರಗಳಿವೆ. ಸೋಮೇಶ್ವರ, ಸುರತ್ಕಲ್, ಕಾಪು, ಮುರ್ಡೇಶ್ವರ, ಗೋಕರ್ಣದ ಓಂ ಕಡಲತೀರದಂತಹ ಬಂಡೆಯ ಜಾಗಗಳಿವೆ. ಇವೆರಡರ ನಡುವೆ ಅಳಿವೆಗಳು: ಉಳ್ಳಾಲ-ಬೆಂಗ್ರೆಯ ನಡುವೆ ನೇತ್ರಾವತಿ-ಫಲ್ಗುಣಿ, ಕೋಡಿಬೆಂಗ್ರೆಯಲ್ಲಿ ಸೀತಾ-ಸ್ವರ್ಣಾ, ಗಂಗೊಳ್ಳಿಯಲ್ಲಿ ಪಂಚಗಂಗಾವಳಿ, ಹೊನ್ನಾವರದಲ್ಲಿ ಶರಾವತಿ, ತದಡಿಯಲ್ಲಿ ಅಘನಾಶಿನಿ, ಕಾರವಾರದಲ್ಲಿ ಕಾಳಿ.

ಈ ಮೂರೂ ಜಾಗಗಳಲ್ಲಿ ಮೀನಿನ ಸ್ವಭಾವ ಬೇರೆ. ಮರಳಿನಲ್ಲಿ ಮೀನಿಗೆ ಅಡಗುವ ಮನೆಯಿಲ್ಲ, ಅದು ಆಹಾರ ಹುಡುಕುತ್ತ ಅಲೆಯುತ್ತಿರುತ್ತದೆ. ಹಾಗಾಗಿ ಮರಳಿನಲ್ಲಿ ದೂರ ಬೀಸಬೇಕು, ಗಾಳ ಒಂದೆಡೆ ನಿಲ್ಲಬೇಕು, ಕಾಯಬೇಕು. ಬಂಡೆಯಲ್ಲಿ ಮೀನಿಗೆ ಮನೆ ಇದೆ. ಮುರು ಮೀನು ತನ್ನ ಬಿಲದ ಬಾಗಿಲಲ್ಲೇ ಕುಳಿತಿರುತ್ತದೆ. ಅಲ್ಲಿ ದೂರ ಬೀಸುವ ಅಗತ್ಯವಿಲ್ಲ. ಗಾಳಕ್ಕೆ ಬಾಯಿ ಹಾಕಿದ ಮೀನು ಬಿಲಕ್ಕೆ ಮರಳುವ ಮೊದಲು ಮೇಲೆತ್ತುವ ಬಲ ಬೇಕು. ಅಳಿವೆಯಲ್ಲಿ ನೀರೇ ಆಹಾರವನ್ನು ಹೊತ್ತು ತರುತ್ತದೆ, ಮೀನು ಅದರ ದಾರಿ ಕಾಯುತ್ತದೆ.

ಒಂದೇ ಕೋಲಿನಿಂದ ಎಲ್ಲವನ್ನೂ ಮಾಡುತ್ತೇನೆಂದು ಹೊರಟವರು ಸಾಮಾನ್ಯವಾಗಿ ಎರಡರಲ್ಲೂ ಸೋಲುತ್ತಾರೆ. ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ “ಯಾವ ಕೋಲು ಒಳ್ಳೆಯದು?” ಎಂಬುದಲ್ಲ, “ವರ್ಷದಲ್ಲಿ ಹೆಚ್ಚು ದಿನ ಎಲ್ಲಿ ನಿಂತು ಬೀಸುತ್ತೇನೆ?” ಎಂಬುದು.

ಮರಳತೀರದ ಸರಂಜಾಮು

ಮರಳತೀರದ ಕೋಲು ಉದ್ದವಿರಬೇಕು, 11ರಿಂದ 13 ಅಡಿ. ಇದಕ್ಕೆ ಎರಡು ಕಾರಣ. ಉದ್ದದ ಕೋಲು ಗುಂಡನ್ನು ದೂರ ಎಸೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೀಸಿದ ಮೇಲೆ ಕೋಲನ್ನು ಮರಳಿನಲ್ಲಿ ನೆಟ್ಟ ಕೊಳವೆಯಲ್ಲಿ ನಿಲ್ಲಿಸಿದಾಗ ದಾರ ಮೊದಲ ಸಾಲಿನ ಅಲೆಗಳಿಗಿಂತ ಎತ್ತರದಲ್ಲಿ ಹಾದುಹೋಗುತ್ತದೆ. ಗಿಡ್ಡ ಕೋಲಿನ ದಾರವನ್ನು ಪ್ರತಿ ಅಲೆಯೂ ಹೊಡೆದು ಗುಂಡನ್ನು ದಡಕ್ಕೆ ಎಳೆದು ತರುತ್ತದೆ.

ಪ್ರತಿ ಕೋಲಿನ ಬುಡದಲ್ಲೂ ಅದು ಎಷ್ಟು ಗ್ರಾಂ ಭಾರವನ್ನು ಬೀಸಬಲ್ಲದೆಂದು ಅಚ್ಚು ಹಾಕಿರುತ್ತಾರೆ. ನಮ್ಮ ತೀರಕ್ಕೆ 60ರಿಂದ 120 ಗ್ರಾಂ ಬೀಸುವ ಕೋಲು ಸಾಕು. ಆ ಅಂಕಿಯನ್ನು ಅಲಕ್ಷಿಸಿ ಭಾರ ಹೆಚ್ಚಿಸಿದರೆ ಕೋಲು ಮುರಿಯುತ್ತದೆ, ತೀರ ಕಡಿಮೆ ಮಾಡಿದರೆ ಕೋಲು ಬಾಗದೆ ಗುಂಡು ಹತ್ತಿರದಲ್ಲೇ ಬೀಳುತ್ತದೆ.

ಫೈಬರ್‌ಗ್ಲಾಸ್ ಕೋಲು ಭಾರ, ಆದರೆ ಅಗ್ಗ, ಪೆಟ್ಟು ತಾಳುತ್ತದೆ. ಕಾರ್ಬನ್ ಕೋಲು ಹಗುರ, ಚುರುಕು, ಆದರೆ ಬಂಡೆಗೆ ತಾಗಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಮುಂದಿನ ಬೀಸಿಗೆ ಎರಡು ತುಂಡು. ಕಲಿಯುವವರು ಫೈಬರ್‌ಗ್ಲಾಸ್‌ನಿಂದ ಆರಂಭಿಸುವುದರಲ್ಲಿ ನಾಚಿಕೆಯೇನಿಲ್ಲ. ಇನ್ನೊಂದು ಮಾತು, ಕಾರ್ಬನ್ ವಿದ್ಯುತ್ತನ್ನು ಹರಿಯಬಿಡುತ್ತದೆ. ಅಕ್ಟೋಬರ್ ಸಂಜೆಗಳಲ್ಲಿ, ಏಪ್ರಿಲ್-ಮೇ ತಿಂಗಳಲ್ಲಿ ಗುಡುಗು ಕೇಳಿಸಿದ ಕೂಡಲೇ ಕೋಲನ್ನು ಮಲಗಿಸಿ ತೀರ ಬಿಡಬೇಕು. ಬಯಲಿನಲ್ಲಿ ಆಕಾಶಕ್ಕೆ ಎತ್ತಿ ಹಿಡಿದ ಹನ್ನೆರಡು ಅಡಿಯ ಕಾರ್ಬನ್ ಕೋಲು ಸಿಡಿಲನ್ನು ಕರೆದಂತೆ. ತೀರದ ದಾರಿಯಲ್ಲಿ ತಲೆಯ ಮೇಲಿನ ವಿದ್ಯುತ್ ತಂತಿಗೂ ಇದೇ ಎಚ್ಚರ ಬೇಕು.

ರೀಲಿನ ವಿಷಯದಲ್ಲಿ ಹೊಸಬರಿಗೆ ಸ್ಪಿನ್ನಿಂಗ್ ರೀಲೇ ಸುಲಭ. 5000 ಅಥವಾ 6000 ಎಂಬ ಅಳತೆಯದು, 0.35 ಮಿಲಿಮೀಟರ್ ದಪ್ಪದ ದಾರ ಇನ್ನೂರು ಮೀಟರಾದರೂ ಹಿಡಿಸುವಂಥದು ಸಾಕು. ದಾರವನ್ನು ಉರುಳೆಯ ಅಂಚಿಗೆ ಎರಡು-ಮೂರು ಮಿಲಿಮೀಟರ್ ಬಿಟ್ಟು ತುಂಬಿಸಬೇಕು. ಕಡಿಮೆಯಾದರೆ ದಾರ ಅಂಚಿಗೆ ಉಜ್ಜಿ ಬೀಸಿನ ದೂರ ಕುಗ್ಗುತ್ತದೆ, ತುಂಬಿ ತುಳುಕಿದರೆ ಗೋಜಲಾಗುತ್ತದೆ. ರೀಲಿನ ‘ಡ್ರ್ಯಾಗ್’ ಎಂಬ ತಿರುಪು ಮೀನು ಬಲವಾಗಿ ಎಳೆದಾಗ ದಾರವನ್ನು ಅಳೆದು ಬಿಡುವ ಬ್ರೇಕು. ದಾರ ತಾಳುವ ಭಾರದ ಮೂರರಲ್ಲಿ ಒಂದು ಪಾಲಿಗೆ ಅದು ಬಿಚ್ಚಿಕೊಳ್ಳುವಂತೆ ಇಡುವುದು ರೂಢಿ.

ಅಂಗಡಿಗಳಲ್ಲಿ ತಂಗೂಸಿ ಎಂದು ಕೇಳುವ ಒಂಟಿ ಎಳೆಯ ನೈಲಾನ್ ಹಿಗ್ಗುತ್ತದೆ, ಕಲ್ಲಿನ ಉಜ್ಜನ್ನು ಸ್ವಲ್ಪ ತಾಳುತ್ತದೆ, ಅಗ್ಗ. ಹೆಣೆದ ದಾರ ಅಷ್ಟೇ ಬಲಕ್ಕೆ ತುಂಬ ತೆಳ್ಳಗಿರುತ್ತದೆ, ಹಿಗ್ಗುವುದಿಲ್ಲ, ನೂರು ಮೀಟರ್ ಆಚೆ ಮೀನು ಮೂಸಿದ್ದೂ ಬೆರಳಿಗೆ ತಿಳಿಯುತ್ತದೆ. ಆದರೆ ಬಿಗಿಯಾಗಿರುವಾಗ ಚೂಪಾದ ಬಂಡೆಗೆ ತಾಗಿದರೆ ಕ್ಷಣದಲ್ಲಿ ತುಂಡಾಗುತ್ತದೆ, ಬೀಸುವಾಗ ಬರಿಬೆರಳನ್ನು ಕೊಯ್ಯುತ್ತದೆ. ಅದನ್ನು ಬಳಸುವವರು ತೋರುಬೆರಳಿಗೆ ಚರ್ಮದ ಹೊದಿಕೆ ಹಾಕಿಕೊಳ್ಳುವುದು ಒಳಿತು.

ಬೀಸುವ ಮುನ್ನ ಹಿಂದೆ ನೋಡು

ಮರಳತೀರದಲ್ಲಿ ಅತಿ ದೊಡ್ಡ ಅಪಾಯ ಕಡಲಿನಿಂದ ಬರುವುದಲ್ಲ, ಗಾಳಗಾರನ ಕೈಯಿಂದಲೇ ಹೊರಡುವುದು. ನೂರು ಗ್ರಾಂ ಸೀಸ ಪೂರ್ಣ ಬೀಸಿನಲ್ಲಿರುವಾಗ ದಾರ ತುಂಡಾದರೆ ಅದು ಕವಣೆಯ ಕಲ್ಲು. ಮಲ್ಪೆ, ಪಣಂಬೂರಿನಂತಹ ತೀರದಲ್ಲಿ ಅದರ ದಾರಿಯಲ್ಲಿ ಯಾರದೋ ಮಗು ಮರಳಿನ ಮನೆ ಕಟ್ಟುತ್ತಿರಬಹುದು.

ಇದಕ್ಕಾಗಿಯೇ ಮುಖ್ಯ ದಾರದ ತುದಿಗೆ ದಪ್ಪ ದಾರದ ಒಂದು ತುಂಡನ್ನು ಸೇರಿಸುತ್ತಾರೆ. ಇದು ಬೀಸಿನ ಆಘಾತವನ್ನು ತಾಳುವ ಮುಂದಾರ. ಲೆಕ್ಕ ಸುಲಭ: ಗುಂಡು ಎಷ್ಟು ಔನ್ಸ್ ಇದೆಯೋ ಅದನ್ನು ಹತ್ತರಿಂದ ಗುಣಿಸಿ, ಮತ್ತೆ ಹತ್ತು ಕೂಡಿಸಿದರೆ ಅಷ್ಟು ಪೌಂಡ್ ತಾಳುವ ಮುಂದಾರ ಬೇಕು. ಮೂರು ಔನ್ಸ್, ಅಂದರೆ 85 ಗ್ರಾಂ ಗುಂಡಿಗೆ 40 ಪೌಂಡ್, ಸುಮಾರು 18 ಕಿಲೋ. ಅದರ ಉದ್ದ ಕೋಲಿನ ಎರಡರಷ್ಟು, ಜೊತೆಗೆ ರೀಲಿನ ಮೇಲೆ ಐದಾರು ಸುತ್ತು. ಬೀಸುವ ಕ್ಷಣದಲ್ಲಿ ಇಡೀ ಭಾರ ಈ ದಪ್ಪ ದಾರದ ಮೇಲೆಯೇ ಬೀಳುತ್ತದೆ.

ಗಂಟು ಬಿಗಿಯುವ ಮೊದಲು ಎಂಜಲಿನಿಂದ ಒದ್ದೆ ಮಾಡಬೇಕು. ಒಣ ನೈಲಾನನ್ನು ಎಳೆದು ಬಿಗಿದರೆ ಉಜ್ಜಿದ ಬಿಸಿಗೆ ಅದು ಅಲ್ಲೇ ಸೋಲುತ್ತದೆ. ದೊಡ್ಡ ಮೀನು ತಪ್ಪಿಸಿಕೊಂಡ ಕಥೆಗಳಲ್ಲಿ ಅನೇಕವು ನಿಜಕ್ಕೂ ಕೆಟ್ಟ ಗಂಟಿನ ಕಥೆಗಳು.

ಬೀಸುವ ಬಗೆಯಲ್ಲಿ ಬಲಕ್ಕಿಂತ ಲಯ ಮುಖ್ಯ. ಬಲಗೈಯವರು ಎಡಗಾಲು ಮುಂದಿಟ್ಟು, ಗುಂಡನ್ನು ಕೋಲಿನ ತುದಿಯಿಂದ ಮೂರಡಿ ಇಳಿಬಿಟ್ಟು, ಕೋಲನ್ನು ಬೆನ್ನ ಹಿಂದಕ್ಕೆ ಒಯ್ಯಬೇಕು. ಹಿಂದೆ ಯಾರೂ ಇಲ್ಲವೆಂದು ತಿರುಗಿ ನೋಡಬೇಕು, ಪ್ರತಿ ಸಲವೂ. ಆಮೇಲೆ ಮೇಲಿನ ಕೈಯಿಂದ ತಳ್ಳುತ್ತ, ಕೆಳಗಿನ ಕೈಯನ್ನು ಎದೆಯ ಕಡೆಗೆ ಎಳೆದುಕೊಳ್ಳಬೇಕು. ಕೋಲು ತಲೆಯನ್ನು ದಾಟಿ ತುಸು ಮುಂದೆ ಬಂದಾಗ ಬೆರಳು ಸಡಿಲಿಸಿದರೆ ಗುಂಡು ಎತ್ತರಕ್ಕೆ ಹಾರಿ ದೂರ ಹೋಗುತ್ತದೆ. ತಡವಾದರೆ ಎದುರಿನ ನೀರಿಗೇ ಬಡಿಯುತ್ತದೆ.

ನಸುಕಿನಲ್ಲಿ ಬೀಸುವವರಿಗೆ ಕರಾವಳಿಯ ಗಾಳಿಯೇ ಸಹಾಯಕ್ಕೆ ಬರುತ್ತದೆ. ಆಗ ಗಾಳಿ ನೆಲದಿಂದ ಕಡಲಿಗೆ ಬೀಸುತ್ತಿರುತ್ತದೆ. ಮಧ್ಯಾಹ್ನದ ನಂತರ ಅದು ತಿರುಗಿ ಮುಖಕ್ಕೆ ಹೊಡೆಯುತ್ತದೆ. ಮುಂಜಾನೆ ಎಂಬತ್ತು ಮೀಟರ್ ಹೋದ ಗುಂಡು ಸಂಜೆ ಅರವತ್ತಕ್ಕೆ ಬಿದ್ದರೆ ಕೋಲನ್ನು ಬೈಯಬೇಕಾಗಿಲ್ಲ.

ಮರಳಿನ ಕಡಲನ್ನು ಓದುವುದು

ಮೇಲುನೋಟಕ್ಕೆ ಮರಳತೀರವೆಲ್ಲ ಒಂದೇ. ಆದರೆ ಇಳಿತದ ಹೊತ್ತಿನಲ್ಲಿ ಎತ್ತರದ ಜಾಗದಲ್ಲಿ ಹತ್ತು ನಿಮಿಷ ನಿಂತು ನೋಡಿದರೆ ಗುಟ್ಟು ಬಿಡುತ್ತದೆ. ಬಿಳಿ ನೊರೆಯೆದ್ದು ಅಲೆ ಒಡೆಯುವಲ್ಲಿ ಕೆಳಗೆ ಮರಳಿನ ದಿಬ್ಬವಿದೆ. ಅಲೆ ಒಡೆಯದೆ ನೀರು ಕಡುಬಣ್ಣವಾಗಿರುವಲ್ಲಿ ಆಳದ ಕಾಲುವೆಯಿದೆ. ದಿಬ್ಬದ ಮೇಲೆ ಅಲೆ ಕೆದಕಿದ ಹುಳು, ಸಿಗಡಿ, ಮರಳೇಡಿಗಳೆಲ್ಲ ಕಾಲುವೆಗೆ ಬಂದು ಬೀಳುತ್ತವೆ. ಮೀನು ಅಲ್ಲೇ ಸುಳಿದಾಡುತ್ತದೆ. ಎಷ್ಟೋ ಸಲ ಈ ಕಾಲುವೆ ದಡದಿಂದ ಮೂವತ್ತು ಮೀಟರಿನಲ್ಲೇ ಇರುತ್ತದೆ. ನೂರು ಮೀಟರ್ ಬೀಸುವವನು ಮೀನಿನ ತಲೆಯ ಮೇಲಿಂದಲೇ ಬೀಸಿರುತ್ತಾನೆ.

ಹಾಗೆಯೇ ದಡಕ್ಕೆ ಬಂದ ನೀರು ದಿಬ್ಬವನ್ನು ಕೊರೆದು ಕಡಲಿಗೆ ಮರಳುವ ಕಂಡಿಗಳಿರುತ್ತವೆ. ಇಲ್ಲಿ ಎಳೆತ ಜೋರು. ಗಾಳಕ್ಕೆ ಇದು ಒಳ್ಳೆಯ ಜಾಗ, ಈಜುವವರಿಗೆ ಇದೇ ಮೃತ್ಯು. ತಣ್ಣಗೆ ಕಾಣುವುದರಿಂದಲೇ ಜನ ಅಲ್ಲಿ ನೀರಿಗಿಳಿಯುತ್ತಾರೆ. ಅದರ ಗುರುತು ಬಲ್ಲ ಗಾಳಗಾರ ಪಕ್ಕದಲ್ಲಿ ಆಡುವ ಪ್ರವಾಸಿಗರಿಗೆ ಒಂದು ಮಾತು ಹೇಳಿದರೆ ಅವನ ಸಂಜೆ ಸಾರ್ಥಕ.

ಮಳೆಗಾಲದ ಅಲೆಗಳು ಮರಳನ್ನು ಕಡಲಿಗೆ ಒಯ್ಯುತ್ತವೆ, ಮಳೆಗಾಲ ಮುಗಿದ ಮೇಲೆ ಅದೇ ಮರಳು ನಿಧಾನವಾಗಿ ಹಿಂದಿರುಗುತ್ತದೆ. ಕಳೆದ ವರ್ಷದ ಕಾಲುವೆ ಈ ವರ್ಷ ಅಲ್ಲಿರಬೇಕೆಂದಿಲ್ಲ. ಪ್ರತಿ ಸೆಪ್ಟೆಂಬರಿನಲ್ಲಿ ತೀರವನ್ನು ಹೊಸದಾಗಿ ಓದಬೇಕು.

ನಮ್ಮಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ನೀರು ಹತ್ತು ಮೀಟರಿನಷ್ಟು ಏರುವುದಿದ್ದರೆ, ಮಂಗಳೂರಿನ ಕಡೆ ಅಮಾವಾಸ್ಯೆ-ಹುಣ್ಣಿಮೆಯಲ್ಲೂ ಏರುವುದು ಒಂದೂವರೆ ಮೀಟರಿನ ಆಸುಪಾಸು. ಅಷ್ಟಮಿಯ ಆಚೀಚೆ ಇನ್ನೂ ಕಡಿಮೆ. ಆದರೆ ಇಷ್ಟು ಏರಿಳಿತವೂ ಅಳಿವೆಯಲ್ಲಿ ನೀರನ್ನು ಜೋರಾಗಿ ಓಡಿಸುತ್ತದೆ. ನೀರು ಏರತೊಡಗಿದ ಮೊದಲ ಎರಡು ಗಂಟೆ, ತುಂಬಿ ಇಳಿಯತೊಡಗಿದ ಮೊದಲ ಗಂಟೆ, ಇವು ಬೆಳಗಿನ ಅಥವಾ ಸಂಜೆಯ ಮಬ್ಬುಬೆಳಕಿನೊಂದಿಗೆ ಕೂಡಿಬಂದರೆ ಅದೇ ಗಾಳಗಾರನ ಶುಭಮುಹೂರ್ತ. ನೀರು ನಿಂತ ಹೊತ್ತು ಬುತ್ತಿ ಬಿಚ್ಚುವ ಹೊತ್ತು.

ಎರೆ, ಗಾಳ, ಗುಂಡು

ಕರಾವಳಿಯವರ ಅಚ್ಚುಮೆಚ್ಚಿನ ಕಾಣೆ ಮೀನು ಮರಳತೀರದ ಮತ್ತು ಅಳಿವೆಯ ನಿವಾಸಿ. ಹೆದರಿದರೆ ಮರಳಿನಲ್ಲಿ ಹೂತುಕೊಳ್ಳುವ ಮೀನು ಇದು. ಬಾಯಿ ಚಿಕ್ಕದು, ಅದಕ್ಕೆ 6 ಅಥವಾ 8ನೇ ನಂಬರಿನ ಸಣ್ಣ ಗಾಳವೇ ಬೇಕು. ಗಾಳದ ನಂಬರು ಹೊಸಬರನ್ನು ಗೊಂದಲಕ್ಕೆ ಕೆಡಹುತ್ತದೆ: 8ಕ್ಕಿಂತ 6 ದೊಡ್ಡದು, 6ಕ್ಕಿಂತ 1 ದೊಡ್ಡದು. ಅಲ್ಲಿಂದ ಮುಂದೆ 1/0, 2/0 ಎಂದು ತಿರುಗಿ ಏರುತ್ತದೆ. ಕೆಂಬೇರಿ, ಮುರು ಮೀನುಗಳಿಗೆ 2/0ರಿಂದ 5/0ರವರೆಗೆ ಬೇಕಾಗುತ್ತದೆ. ದೊಡ್ಡ ಗಾಳಕ್ಕೆ ದೊಡ್ಡ ಮೀನು ಎಂಬ ಲೆಕ್ಕ ಸರಿಯಲ್ಲ. ಗಾಳ ಎರೆಯ ಗಾತ್ರಕ್ಕೆ, ಎರೆ ಮೀನಿನ ಬಾಯಿಗೆ ಹೊಂದಬೇಕು.

ಎರೆಗಳಲ್ಲಿ ತಾಜಾ ಸಿಗಡಿಯನ್ನು ಒಲ್ಲೆನೆನ್ನುವ ಮೀನು ಕಡಿಮೆ. ಆದರೆ ಅದು ಮೆದು, ದೂರ ಬೀಸಿದರೆ ಕಳಚಿ ಹೋಗುತ್ತದೆ. ಬೊಂಡಾಸಿನ ಪಟ್ಟಿ ಗಟ್ಟಿ, ಎಷ್ಟು ಬೀಸಿದರೂ ಜಗ್ಗುವುದಿಲ್ಲ. ಭೂತಾಯಿಯ ಎಣ್ಣೆ ನೀರಿನಲ್ಲಿ ಹರಡಿ ದೂರದ ಮೀನನ್ನೂ ಕರೆಯುತ್ತದೆ. ಅದರ ತುಂಡನ್ನು ತೆಳ್ಳನೆಯ ಹಿಗ್ಗುವ ದಾರದಿಂದ ಗಾಳಕ್ಕೆ ಸುತ್ತಿ ಕಟ್ಟುತ್ತಾರೆ. ಅಡುಗೆಗೆ ಆಗದಷ್ಟು ಹಳಸಿದ ಮೀನು ಎರೆಗೂ ಆಗದು.

ಗುಂಡಿನ ಆಕಾರಕ್ಕೂ ಅರ್ಥವಿದೆ. ಗೋಪುರದಂತೆ ಮೂಲೆಗಳಿರುವ ಗುಂಡು ಮರಳಿನಲ್ಲಿ ಕಚ್ಚಿ ನಿಲ್ಲುತ್ತದೆ. ದುಂಡನೆಯದು ಎಳೆತದೊಂದಿಗೆ ಉರುಳುತ್ತ ಹೋಗುತ್ತದೆ. ಅಳಿವೆಯಲ್ಲಿ ಎರೆಯನ್ನು ನಿಧಾನವಾಗಿ ಉರುಳಿಸುವುದೇ ಲಾಭವಾದರೆ ದುಂಡನೆಯದೇ ಸರಿ. ಸೀಸ ವಿಷವಸ್ತು, ಮುಟ್ಟಿದ ಕೈಯಲ್ಲಿ ಚುರುಮುರಿ ತಿನ್ನಬಾರದು, ಹಲ್ಲಿನಿಂದ ಕಚ್ಚಿ ಬಿಗಿಯಬಾರದು. ಇಂಗ್ಲೆಂಡಿನಲ್ಲಿ ಹಂಸಗಳು ಸಣ್ಣ ಸೀಸದ ಗುಂಡುಗಳನ್ನು ನುಂಗಿ ಸಾಯುತ್ತಿದ್ದುದರಿಂದ 1987ರಲ್ಲಿ ಅಂಥ ಗುಂಡುಗಳ ಮಾರಾಟವನ್ನೇ ನಿಲ್ಲಿಸಲಾಯಿತು.

ಬಂಡೆಯ ಮೇಲೆ

ಬಂಡೆಗೆ ಬಂದಾಗ ಲೆಕ್ಕ ಬದಲು. ಕೋಲು 8ರಿಂದ 10 ಅಡಿ ಸಾಕು, ಆದರೆ ನಡು ಗಟ್ಟಿಯಿರಬೇಕು. ಮುಂದಾರ 0.60ರಿಂದ 0.80 ಮಿಲಿಮೀಟರ್ ದಪ್ಪ. ಸಿಂಪಿ ಮತ್ತು ಚಿಪ್ಪುಗಳು ಅಂಟಿದ ಬಂಡೆ ಅರದಂತೆ, ತೆಳು ದಾರ ನಿಲ್ಲುವುದಿಲ್ಲ.

ಬಂಡೆಯಲ್ಲಿ ಗುಂಡು ಸಿಕ್ಕಿಕೊಳ್ಳುವುದು ನಿತ್ಯದ ಗೋಳು. ಹಳಬರ ಉಪಾಯ ಸರಳವಾಗಿದೆ. ಗುಂಡನ್ನು ಮುಖ್ಯ ದಾರಕ್ಕೆ ನೇರ ಕಟ್ಟದೆ, ಅದಕ್ಕಿಂತ ದುರ್ಬಲವಾದ ತೆಳು ದಾರದ ಗೇಣುದ್ದದ ತುಂಡಿನಿಂದ ಕಟ್ಟುತ್ತಾರೆ. ಗುಂಡು ಸಿಕ್ಕಿಕೊಂಡರೆ ಆ ತುಂಡು ಮಾತ್ರ ಹರಿದು ಗಾಳವೂ ಮೀನೂ ಮೇಲೆ ಬರುತ್ತವೆ. ಹೇಗೂ ಹೋಗುವ ಗುಂಡಿಗೆ ಸೀಸವೇಕೆ? ಹಳೆಯ ನಟ್ಟು, ಸವೆದ ಸ್ಪಾರ್ಕ್ ಪ್ಲಗ್ಗು, ದಾರ ಸುತ್ತಿದ ಕಲ್ಲು ಇವೆಲ್ಲ ನಡೆಯುತ್ತವೆ. ಆದರೆ ದುರ್ಬಲ ತುಂಡಿನ ಗುಂಡನ್ನು ಜೋರಾಗಿ ಬೀಸಬಾರದು, ಮೆಲ್ಲನೆ ತೂಗಿ ಬಿಡಬೇಕು. ಜನರಿರುವಲ್ಲಿ ಅದೂ ಬೇಡ.

ಎರಡನೆಯ ವಿಧಾನ ಬೆಂಡಿನದು. ಬಂಡೆಯ ಬುಡದ ಆಳವನ್ನು ಅಂದಾಜು ಮಾಡಿ, ಎರೆ ತಳಕ್ಕಿಂತ ಒಂದೆರಡು ಅಡಿ ಮೇಲೆ ತೇಲುವಂತೆ ಬೆಂಡನ್ನು ಕಟ್ಟಿದರೆ ಸಿಕ್ಕಿಕೊಳ್ಳುವ ತೊಂದರೆಯೇ ಇಲ್ಲ. ಮೂರನೆಯದು ಹುಸಿ ಎರೆ. ಮರ, ಪ್ಲಾಸ್ಟಿಕ್ ಅಥವಾ ಲೋಹದ ಮೀನಿನ ಬೊಂಬೆಯನ್ನು ಬೀಸಿ, ಎಳೆಯುತ್ತ ನಿಲ್ಲಿಸುತ್ತ ಗಾಯಗೊಂಡ ಮೀನಿನಂತೆ ಆಡಿಸುವುದು. ನೊರೆನೀರಿನ ಅಂಚಿನಲ್ಲಿ ಬೇಟೆಯಾಡುವ ಟ್ರೆವಲಿ, ಬರಾಕುಡಗಳು ಇದಕ್ಕೆ ಎರಗುತ್ತವೆ. ಇದರಲ್ಲಿ ಕಾಯುವ ಮಾತಿಲ್ಲ, ಗಂಟೆಗಟ್ಟಲೆ ಬೀಸುತ್ತಲೇ ಇರಬೇಕಾದ್ದರಿಂದ ಹಗುರ ಕೋಲು, ಹೆಣೆದ ದಾರ ಇಲ್ಲಿ ನಿಜಕ್ಕೂ ಬೆಲೆ ಬಾಳುತ್ತವೆ.

ಮುರು ಮೀನು ಹಿಡಿದರೆ ಮೊದಲ ಐದು ಸೆಕೆಂಡಿನಲ್ಲೇ ತೀರ್ಮಾನ. ಡ್ರ್ಯಾಗ್ ಬಿಗಿಯಾಗಿಟ್ಟು ತಕ್ಷಣ ಮೇಲೆತ್ತಬೇಕು. ಬಿಲ ಹೊಕ್ಕು ಕಿವಿರು ಅಗಲಿಸಿ ಕುಳಿತುಬಿಟ್ಟರೆ ಎಳೆದು ಪ್ರಯೋಜನವಿಲ್ಲ. ದಾರ ಪೂರ್ತಿ ಸಡಿಲ ಬಿಟ್ಟು ಐದು ನಿಮಿಷ ಸುಮ್ಮನಿದ್ದರೆ ಕೆಲವೊಮ್ಮೆ ತಾನಾಗಿ ಹೊರಬರುತ್ತದೆ.

ಬಾಟಲಿಯ ದಾರದ ರಹಸ್ಯವೂ ಇಲ್ಲೇ ಇದೆ. ಬಂಡೆಯ ಬುಡದಲ್ಲಿ ದೂರ ಬೀಸುವ ಕೆಲಸವಿಲ್ಲ. ಬೆರಳಿಗೂ ಮೀನಿಗೂ ನಡುವೆ ಕೋಲಿಲ್ಲದಿರುವುದರಿಂದ ಸಣ್ಣ ಮೂಸುವಿಕೆಯೂ ತಿಳಿಯುತ್ತದೆ. ಒಂದೇ ನಿಯಮ: ದಾರವನ್ನು ಬೆರಳಿಗಾಗಲಿ ಅಂಗೈಗಾಗಲಿ ಸುತ್ತಿಕೊಳ್ಳಬಾರದು. ದೊಡ್ಡ ಮೀನು ಎಳೆದಾಗ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ.

ಒದ್ದೆ ಕಲ್ಲಿನ ಪಾಠ

ಸೋಮೇಶ್ವರದ ರುದ್ರಪಾದೆಯಂತಹ ಬಂಡೆಗಳ ಮೇಲಿಂದ ಅಲೆ ಸೆಳೆದೊಯ್ದವರ ಸುದ್ದಿ ಕರಾವಳಿಯ ಓದುಗರಿಗೆ ಹೊಸದಲ್ಲ. ಅಲೆಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ, ಗುಂಪು ಗುಂಪಾಗಿ ಬರುತ್ತವೆ. ಬಹಳ ಹೊತ್ತು ಸಣ್ಣ ಅಲೆಗಳು, ಆಮೇಲೆ ನಾಲ್ಕಾರು ದೊಡ್ಡವು. ಬಂಡೆಗೆ ಬಂದ ಕೂಡಲೇ ಚೀಲ ಬಿಚ್ಚದೆ, ಎತ್ತರದಲ್ಲಿ ನಿಂತು ಇಪ್ಪತ್ತು ನಿಮಿಷ ನೋಡಬೇಕು. ಅತಿ ದೊಡ್ಡ ಅಲೆ ಎಲ್ಲಿವರೆಗೆ ಒದ್ದೆ ಮಾಡಿತೋ ಆ ಗೆರೆಗಿಂತ ಸಾಕಷ್ಟು ಮೇಲೆ ನಿಲ್ಲಬೇಕು. ಭರತ ಏರುತ್ತಿದ್ದರೆ ಆ ಗೆರೆಯೂ ಏರುತ್ತದೆ, ಬಂದ ದಾರಿ ನೀರಿನಲ್ಲಿ ಮುಚ್ಚಿಹೋಗುತ್ತದೆ ಎಂಬುದು ನೆನಪಿರಬೇಕು.

ಇನ್ನೂ ಮೋಸದ್ದು, ಗಾಳಿಯಿಲ್ಲದ ದಿನ ಏಳುವ ಅಲೆ. ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಉದ್ದನೆಯ ಅಲೆಗಳು ಕೆಲವು ದಿನಗಳ ನಂತರ ನಮ್ಮ ತೀರಕ್ಕೆ ಬಂದು ಅಪ್ಪಳಿಸುತ್ತವೆ. ಇಲ್ಲಿ ಆಕಾಶ ತಿಳಿಯಾಗಿರುತ್ತದೆ, ಎಲೆ ಅಲುಗುತ್ತಿರುವುದಿಲ್ಲ. ಕೇರಳದ ಬೆಸ್ತರು ಇದನ್ನು ‘ಕಳ್ಳಕ್ಕಡಲ್’, ಕಳ್ಳನಂತೆ ಬರುವ ಕಡಲು, ಎಂದು ಕರೆದರು. 2012ರಲ್ಲಿ ಯುನೆಸ್ಕೊ ಆ ಹೆಸರನ್ನೇ ಶಾಸ್ತ್ರೀಯ ಪದವಾಗಿ ಒಪ್ಪಿಕೊಂಡಿತು. ಮಳೆಗಾಲಕ್ಕೆ ಮುಂಚಿನ ಏಪ್ರಿಲ್-ಮೇ ತಿಂಗಳಲ್ಲಿ ಇದು ಹೆಚ್ಚು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಎತ್ತರದ ಅಲೆಗಳ ಬಗ್ಗೆ ಮುನ್ನೆಚ್ಚರಿಕೆ ಕೊಡುತ್ತದೆ. ಕಣ್ಣಿಗೆ ಕಡಲು ಶಾಂತವಾಗಿ ಕಂಡರೂ ಎಚ್ಚರಿಕೆಯಿರುವ ದಿನ ಬಂಡೆ ಬೇಡ. ಮಳೆಗಾಲದಲ್ಲಂತೂ ಬಂಡೆಯ ಮಾತೇ ಬೇಡ.

ಬಂಡೆಗೆ ಹೋಗುವವರ ಸರಂಜಾಮಿನ ಪಟ್ಟಿಯಲ್ಲಿ ಕೋಲಿಗಿಂತ ಮೊದಲು ಬರಬೇಕಾದವು ಕೆಲವಿವೆ. ಹಾವಸೆಯ ಮೇಲೆ ಜಾರದ ಪಾದರಕ್ಷೆ, ರಬ್ಬರ್ ಹವಾಯಿ ಚಪ್ಪಲಿಯಲ್ಲ. ತೇಲುವ ಜಾಕೆಟ್. ತಲೆಗೆ ಕಟ್ಟುವ ದೀಪ. ಜೊತೆಗೊಬ್ಬ ಸಂಗಾತಿ. ಮೀನನ್ನು ಮೇಲೆತ್ತಲು ಉದ್ದ ಹಿಡಿಯ ಬಲೆ, ಏಕೆಂದರೆ ಅನೇಕರು ಬೀಳುವುದು ಸಿಕ್ಕ ಮೀನನ್ನು ಎತ್ತಿಕೊಳ್ಳಲು ಕೆಳಗಿಳಿದ ಆ ಒಂದು ನಿಮಿಷದಲ್ಲಿ. ಮತ್ತು ಹತ್ತಿಪ್ಪತ್ತು ಮೀಟರ್ ಹಗ್ಗ ಕಟ್ಟಿದ, ಮುಚ್ಚಳ ಬಿಗಿದ ಖಾಲಿ ಐದು ಲೀಟರಿನ ಕ್ಯಾನು. ಕಾಸು ಖರ್ಚಿಲ್ಲದ ಈ ಕ್ಯಾನು ಜೀವ ಉಳಿಸಬಲ್ಲದು.

ಯಾರಾದರೂ ಬಿದ್ದರೆ ಮೇಲಿದ್ದವರು ಹಿಂದೆ ಹಾರಬಾರದು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಹೋದ ಉದಾಹರಣೆಗಳೇ ಹೆಚ್ಚು. ಕ್ಯಾನು ಎಸೆಯಬೇಕು, 112ಕ್ಕೆ ಅಥವಾ ಕರಾವಳಿ ರಕ್ಷಣಾ ಪಡೆಯ 1554ಕ್ಕೆ ಕರೆ ಮಾಡಬೇಕು, ಬಿದ್ದವರಿಂದ ಕಣ್ಣು ತೆಗೆಯಬಾರದು. ಬಿದ್ದವರು ಬಂಡೆಯನ್ನು ಹಿಡಿಯಲು ಹೋರಾಡದೆ, ಅಲೆ ಬಂಡೆಗೆ ಬಡಿಯುವ ಮುನ್ನ ಬಂಡೆಯಿಂದ ದೂರಕ್ಕೆ ಸರಿದು, ಅಂಗಾತ ತೇಲುತ್ತ ಸಹಾಯಕ್ಕೆ ಕಾಯಬೇಕು. ಕೈಯಲ್ಲಿರುವ ಕೋಲನ್ನು ಮೊದಲು ಬಿಡಬೇಕು. ಎಷ್ಟೇ ಬೆಲೆಯದಾದರೂ ಬಿಡಬೇಕು.

ಮೀನೂ ಚುಚ್ಚುತ್ತದೆ. ತೇಡೆ ಮೀನಿನ ರೆಕ್ಕೆಯ ಮುಳ್ಳು, ಮರಳಿನಲ್ಲಿ ಹೂತ ತೊರಕೆಯ ಬಾಲದ ಮುಳ್ಳು ತುಂಬ ನೋವು ಕೊಡುತ್ತವೆ. ಮರಳಿನ ನೀರಿಗಿಳಿಯುವಾಗ ಹೆಜ್ಜೆ ಎತ್ತಿಡದೆ ಕಾಲೆಳೆಯುತ್ತ ನಡೆದರೆ ತೊರಕೆ ತಾನೇ ಸರಿದುಹೋಗುತ್ತದೆ. ಚುಚ್ಚಿದರೆ, ಚರ್ಮ ಸುಡದಂತೆ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಅರ್ಧದಿಂದ ಒಂದೂವರೆ ಗಂಟೆ ಅದ್ದಿಟ್ಟರೆ ನೋವು ತಗ್ಗುತ್ತದೆ. ಆಮೇಲೆ ವೈದ್ಯರ ಬಳಿ ಹೋಗಲೇಬೇಕು.

ಹಿಡಿದದ್ದು, ಬಿಟ್ಟದ್ದು

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ದಡದಲ್ಲಿರುತ್ತವೆ. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲ ಅದು. ದಡದ ಗಾಳಕ್ಕೆ ಆ ನಿಷೇಧ ಅನ್ವಯಿಸದಿದ್ದರೂ ಮೊಟ್ಟೆ ತುಂಬಿದ ಮೀನನ್ನು ಮರಳಿ ಬಿಡುವ ಸಂಯಮ ಅದರ ಹಿಂದಿನ ಆಶಯವನ್ನು ಗೌರವಿಸಿದಂತೆ.

ಮುರು ಮೀನು ಮೊದಲು ಹೆಣ್ಣಾಗಿದ್ದು ದೊಡ್ಡದಾದ ಮೇಲೆ ಗಂಡಾಗುತ್ತದೆ. ಒಂದು ಬಂಡೆಯ ದೊಡ್ಡ ಮೀನುಗಳನ್ನೆಲ್ಲ ಎತ್ತಿಬಿಟ್ಟರೆ ಅಲ್ಲಿ ಗಂಡೇ ಉಳಿಯುವುದಿಲ್ಲ. ತೀರ ಚಿಕ್ಕದನ್ನು ಬಿಡುವುದು ಎಲ್ಲರಿಗೂ ಗೊತ್ತು, ತೀರ ದೊಡ್ಡದನ್ನೂ ಬಿಡುವವನು ನಿಜವಾದ ಗಾಳಗಾರ. ಬಿಡುವ ಮನಸ್ಸಿದ್ದರೆ ಒಳಕ್ಕೆ ಬಾಗಿದ ಮೊನೆಯ ದುಂಡು ಗಾಳ ಬಳಸಬೇಕು. ಅದು ಮೀನಿನ ಹೊಟ್ಟೆಗಿಳಿಯದೆ ಬಾಯಿಯ ಮೂಲೆಯಲ್ಲೇ ನಿಲ್ಲುತ್ತದೆ. ಇದಕ್ಕೆ ಕೋಲನ್ನು ಝಾಡಿಸಿ ಎತ್ತಬಾರದು, ಸುಮ್ಮನೆ ರೀಲು ಸುತ್ತಿದರೆ ತಾನೇ ಸಿಕ್ಕಿಕೊಳ್ಳುತ್ತದೆ.

ಹರಿದ ನೈಲಾನ್ ದಾರವನ್ನು ತೀರದಲ್ಲಿ ಬಿಡಬಾರದು. ಅದು ಕೊಳೆಯಲು ನೂರಾರು ವರ್ಷ ಬೇಕು. ಅಷ್ಟರವರೆಗೆ ಗರುಡನ ಕಾಲಿಗೂ, ಮೊಟ್ಟೆಯಿಡಲು ಬರುವ ಕಡಲಾಮೆಯ ಕೊರಳಿಗೂ ಅದು ಉರುಳು. ಬೆಸ್ತರು ಕೈರಂಪಣಿ ಎಳೆಯುವಲ್ಲಿ ಗಾಳ ಬೀಸದಿರುವುದು ಮರ್ಯಾದೆ. ಗಾಳಗಾರನಿಗೆ ಅದು ಹವ್ಯಾಸ, ಅವರಿಗೆ ಅನ್ನ. ಬಂದರಿನ ಒಳವಲಯ, ಕಾರವಾರದ ನೌಕಾನೆಲೆಯ ಆಸುಪಾಸು ಗಾಳಕ್ಕೆ ತಕ್ಕ ಜಾಗಗಳಲ್ಲ, ಕಲ್ಲಿನ ತಡೆಗೋಡೆಗಳ ಮೇಲೆ ಹೋಗುವ ಮೊದಲು ಅನುಮತಿ ಇದೆಯೇ ಎಂದು ವಿಚಾರಿಸಬೇಕು.

ಮನೆಗೆ ಬಂದ ಮೇಲೆ ಕೋಲು-ರೀಲನ್ನು ಸಿಹಿನೀರಿನಿಂದ ಮೆಲ್ಲನೆ ತೊಳೆದು, ಒರೆಸಿ, ಡ್ರ್ಯಾಗ್ ಸಡಿಲಿಸಿ ನೆರಳಿನಲ್ಲಿ ಒಣಗಿಸಬೇಕು. ನಲ್ಲಿಯ ಜೋರು ನೀರು ಹಿಡಿದರೆ ಉಪ್ಪು ಹೊರಬರುವ ಬದಲು ಒಳಹೋಗುತ್ತದೆ. ಇಷ್ಟು ಮಾಡಿದರೆ ಅಗ್ಗದ ರೀಲೂ ವರ್ಷಗಟ್ಟಲೆ ಬಾಳುತ್ತದೆ, ಮಾಡದಿದ್ದರೆ ದುಬಾರಿಯದೂ ಒಂದು ಮಳೆಗಾಲ ಕಳೆಯುವುದರೊಳಗೆ ಕಿರುಗುಟ್ಟುತ್ತದೆ.

ಕಾಪುವಿನ ಆ ತರುಣ ಆ ಸಂಜೆ ಮೀನು ಹಿಡಿಯಲಿಲ್ಲ. ಮೇಲಿನ ಒಣ ಬಂಡೆಯಲ್ಲಿ ಅಜ್ಜನ ಪಕ್ಕ ಕುಳಿತು ಅಲೆಗಳನ್ನು ಎಣಿಸಿದ. ಹೊರಡುವಾಗ ಅಜ್ಜ ತಮ್ಮ ಚೀಲದಿಂದ ಒಂದು ಕೆಂಬೇರಿಯನ್ನು ಎತ್ತಿ ಅವನ ಕೈಗಿತ್ತು, “ಮನೆಯಲ್ಲಿ ಕೇಳಿದರೆ ನೀನೇ ಹಿಡಿದದ್ದು ಅಂತ ಹೇಳು ಮಗಾ” ಎಂದರು. ಮುಂದಿನ ವಾರ ಅವನ ಹೊಸ ಚೀಲದಲ್ಲಿ, ರೀಲಿನ ಪಕ್ಕದಲ್ಲಿ, ಹಗ್ಗ ಕಟ್ಟಿದ ಖಾಲಿ ಕ್ಯಾನೊಂದು ಸೇರಿಕೊಂಡಿತ್ತು.